ಮೆಳೆ ಹೂ ಬಿಟ್ಟ ವರ್ಷ

"ಮೆಳೆ ಸತ್ತೋಯ್ತಲ್ಲೋ ಮುದ್ಯಾ, ಇನ್ನೂ ಏನ್ ಕಿತ್ಕಳಾಕೆ ಕುಂತಿದ್ದೀರ್ಲಾ ಇಲ್ಲಿ?"

ರಾಮಲಿಂಗಯ್ಯ ಹಾಗಂದು, ಉಳಿದಿದ್ದ ಹಸಿ ಬಿದಿರ ದಬ್ಬೆಯಲ್ಲಿ ನಾನು ಹೆಣೆಯುತ್ತಿದ್ದ ಮೊರವನ್ನು ಬೂಟುಗಾಲಿನಿಂದ ಪಕ್ಕಕ್ಕೆ ಸರಿಸಿದ. ನನ್ನ ಮಗನ ವಯಸ್ಸಿನವನು. ಇವನಪ್ಪ ಮಲಗಿದ ತೊಟ್ಟಿಲು ನನ್ನಪ್ಪ ಹೆಣೆದದ್ದು, ಇವನು ಮಲಗಿದ್ದು ನಾನು ಹೆಣೆದದ್ದು. ಮೊರ ಎತ್ತಿಕೊಂಡು ಮಣ್ಣು ಕೊಡವಿದೆ.

ನಮ್ಮದು ಅರ್ಕಾವತಿಯ ನಡುಗಡ್ಡೆ. ಕನಕಪುರ ದಾಟಿದ ಮೇಲೆ ಹೊಳೆ ಎರಡು ಸೀಳಾಗಿ ಮತ್ತೆ ಕೂಡುವ ಕಡೆ, ನಡುವೆ ಉಳಿದ ಮಣ್ಣು. ಅಲ್ಲೊಂದು ಬಿದಿರು ಮೆಳೆ, ಅದರ ಸುತ್ತ ನಮ್ಮ ಮೇದರ ಶೀಟಿನ ಮನೆಗಳು. ಮೊರ, ಮಂಕರಿ, ರೇಷ್ಮೆಹುಳ ಗೂಡು ಕಟ್ಟುವ ಚಂದ್ರಿಕೆ, ಎಲ್ಲ ಆ ಮೆಳೆಯಿಂದಲೇ. ನೆಲ ತಮ್ಮದು ಅನ್ನುವುದು ಪಟೇಲರ ಮನೆಯವರ ಮಾತು. ಈ ರಾಮಲಿಂಗಯ್ಯನ ತಾತ ನನ್ನ ತಾತನಿಗೆ ಬಾಯಲ್ಲಿ ಹೇಳಿದ್ದನಂತೆ, ಮೆಳೆ ಇರೋಗಂಟ ಇರಿ, ನಮ್ಮ ಹುಳದ ಮನೆಗೆ ಚಂದ್ರಿಕೆ ಬಿಟ್ಟಿ ಕೊಡಿ ಅಂತ. ಕೊಟ್ಟೆವು. ಈಗ ಅವರಲ್ಲಿ ಪ್ಲಾಸ್ಟಿಕ್ ಚಂದ್ರಿಕೆ ಬಂದಿದೆ.

ಈ ವರ್ಷ ಮೆಳೆ ಹೂ ಬಿಟ್ಟಿತು. ಬಿದಿರು ಹೂ ಬಿಡುವುದು ಆಯುಸ್ಸಿಗೆ ಒಂದೇ ಸಲ. ಬಿಟ್ಟರೆ ಬುಡಸಮೇತ ಒಣಗುತ್ತದೆ. ನಾನು ಚಿಕ್ಕವನಿದ್ದಾಗ ಒಂದು ಸಲ ಹೀಗಾಗಿತ್ತು. ಮನೆಯಲ್ಲಿ ಅನ್ನಕ್ಕಿಲ್ಲದಿದ್ದರೂ ಉದುರಿದ ಬಿದಿರಕ್ಕಿಯನ್ನು ಬಾಚಿಕೊಳ್ಳಲು ಅಪ್ಪ ಯಾರನ್ನೂ ಬಿಡಲಿಲ್ಲ. ಮಳೆ ಬಿದ್ದ ಮೇಲೆ ಹುಲ್ಲಿನ ಹಾಗೆ ಮೊಳಕೆ ಎದ್ದಿತು. ಅದು ಬಲಿಯುವ ತನಕ ಕೂಲಿಗೆ ಹೋಗಿ ಬದುಕಿದೆವು. ಅದೇ ಈ ಮೆಳೆ. ಈಗಲೂ ಅಕ್ಕಿ ಉದುರಿ ನೆಲದ ಮೇಲಿದೆ. ಮಳೆ ಬರಬೇಕು.

"ನಾಳೀಕೆ ಜೆಸಿಬಿ ಬತ್ತದೆ," ಅಂದ ರಾಮಲಿಂಗಯ್ಯ. "ಬುಡ ಕೀಳ್ಸಿ, ನೆಲ ಸವರಿ, ಟೆಂಟ್ ಹಾಕ್ಸ್ತೀನಿ. ಬೆಂಗ್ಳೂರೋರು ಬಂದು ಉಳ್ಕತಾರೆ. ನೀನೂ ಬೇಕಾರೆ ಒಂದ್ ಮೂಲೇಲಿ ಹೆಣ್ಕಂಡ್ ಕುಂತ್ಕ. ಫೋಟೋ ಹೊಡ್ಕತಾರೆ."

"ಒಂದ್ ಮಳ್ಗಾಲ ಕಳೀಲಿ ಸ್ವಾಮಿ. ಮೊಳ್ಕೆ ಬತ್ತದೆ."

"ಮೊಳ್ಕೆ ಬಂದ್ರೆ ನೀವು ಜಾಗ ಬುಡಾಕಿಲ್ವಲ್ಲಾ. ಅದ್ಕೇ ಕಣ್ಲಾ ಕೀಳ್ಸ್ತಿರಾದು."

ಸಂಜೆ ನಾನೂ ಸೊಸೆ ಶಿವಲಿಂಗಮ್ಮನೂ ಅವನ ಮನೆಗೆ ಹೋಗಿ ಜಗಲಿಯ ಕೆಳಗೆ ನಿಂತೆವು. ಅವನ ತಾಯಿ ದೊಡ್ಡಲಕ್ಷ್ಮಮ್ಮ ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಳು. ನಮಗೆ ಪೇಪರ್ ಲೋಟ ಬಂತು. ಗೌರಿಹಬ್ಬಕ್ಕೆ ನಾವು ಕೊಟ್ಟ ಮೊರ ತೆರೆದ ಬಾಗಿಲಾಚೆ ದೇವರ ಕೋಣೆಯಲ್ಲಿ ಅರಿಶಿನ ಬಳಿದುಕೊಂಡು ಕೂತಿತ್ತು.

"ಹಿರೀಕ್ರ ಮಾತು ನಿಮ್ಗೂ ಗೊತ್ತಲ್ಲವ್ವಾ," ಅಂದೆ.

"ಮೆಳೆ ಇರೋಗಂಟ ಅಂದಿದ್ರು ನಮ್ಮ ಮಾವನೋರು. ಈಗ ಒಣ್ಗೋಯ್ತಲ್ಲ," ಅಂದಳು, ನಮ್ಮ ಕಡೆ ನೋಡದೆ. "ಲೋಟ ಇಲ್ಲಿ ಎಸೀಬ್ಯಾಡ. ತಕಂಡೋಗು."

ಹೊಳೆ ದಂಡೆಗೆ ಬಂದೆವು. ಪಟ್ಟಣದ ಕೊಳೆ ನೀರು ನೊರೆಯಾಗಿ ಕಲ್ಲುಗಳಿಗೆ ಮೆತ್ತಿಕೊಂಡಿತ್ತು.

"ಮಾವ, ಅವ್ನಪ್ಪನ್ ಚಟ್ಟ ಕಟ್ದೋರು ನೀವೇ ಅಲ್ವಾ?"

"ಹೂಂ."

"ಆವತ್ತಾರೂ ಒಳೀಕ್ ಕರ್ದಿದ್ರಾ?"

"ಹೆಣದ್ ತಾವ್ಕೆ ಕರ್ದಿದ್ರು."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು. "ಒಣಬಿದ್ರಲ್ಲಿ ಮೊರ ಬರಾಕಿಲ್ಲ. ಚಟ್ಟ ಬತ್ತದಲ್ವಾ?"

ಬೆಳಗಾಗುತ್ತಲೇ ಎಲ್ಲ ಮನೆಯವರೂ ಮಚ್ಚು ಹಿಡಿದರು. ಎರಡು ಉದ್ದನೆ ಗಳ, ಅಡ್ಡಕ್ಕೆ ತುಂಡು, ಹುರಿಯಿಂದ ಬಿಗಿ. ಮೊರದಷ್ಟು ಕೆಲಸವಿಲ್ಲ. ಅವರವರ ಅಳತೆಗೆ ಅವರವರೇ ಕಟ್ಟಿಕೊಂಡರು.

ನಡುಗಡ್ಡೆಗೆ ಗಾಡಿ ಹಾಯುವ ದಾರಿ ಒಂದೇ, ಹೊಳೆಗೆ ಅಡ್ಡ ಹಾಕಿದ ಕಲ್ಲುಹಾಸು. ಆ ಕಲ್ಲುಹಾಸಿನ ಮೇಲೆ ಉದ್ದಕ್ಕೂ ಚಟ್ಟ ಹಾಸಿದೆವು. ಮೊದಲನೆಯದರ ಮೇಲೆ ನಾನು ಮಲಗಿದೆ. ಬೆನ್ನಿಗೆ ಬಿದಿರಿನ ಗಿಣ್ಣು ಒತ್ತುತ್ತಿತ್ತು.

ಜೆಸಿಬಿ ದಂಡೆ ಇಳಿದು ನಿಂತಿತು. ಡ್ರೈವರ್ ಅಕ್ರಮ್ ತಲೆ ಹೊರಗೆ ಹಾಕಿದ.

"ಅಣ್ಣಾ, ಚಟ್ಟ ಐತೆ. ನಾನ್ ಹತ್ಸಾಕಿಲ್ಲ."

"ಬರೀ ಬಿದ್ರು ಕಣ್ಲಾ ಅದು, ಓಡ್ಸು," ಅಂದ ಹಿಂದೆಯೇ ಬಂದ ರಾಮಲಿಂಗಯ್ಯ.

"ಬರೀ ಬಿದ್ರಲ್ಲಣ್ಣ. ಮುದ್ಕ ಮಲ್ಗವ್ನೆ."

"ಮಲ್ಗಿದ್ರೆ ಏಳ್ತಾನೆ. ಯಾರ್‍ನ ಹೆದ್ರಿಸ್ತೀರ್ಲಾ, ಬೋಳಿಮಕ್ಳಾ?"

ಅಕ್ರಮ್ ಇಂಜಿನ್ ಆರಿಸದೆಯೇ ಇಳಿದು, ದಂಡೆಯ ಮೇಲೆ ಹೋಗಿ ಬೆನ್ನು ತಿರುಗಿಸಿ ನಿಂತುಬಿಟ್ಟ. ಅಷ್ಟರಲ್ಲಿ ಶಿವಲಿಂಗಮ್ಮ ಇನ್ನೊಂದು ಚಟ್ಟ ಹೊತ್ತು ತಂದು ನನ್ನ ಮಗ್ಗುಲಿಗೆ ಹಾಕಿದಳು. ಗಿಡ್ಡನೆಯದು. ನಮ್ಮಲ್ಲಿ ಮಕ್ಕಳಿಗೆ ಚಟ್ಟ ಕಟ್ಟುವುದಿಲ್ಲ, ತೋಳಿನಲ್ಲೇ ಒಯ್ಯುತ್ತೇವೆ.

"ಅದ್ಯಾರಿಗಮ್ಮಿ?" ಅಂದ ರಾಮಲಿಂಗಯ್ಯ. ದನಿ ಸ್ವಲ್ಪ ತಗ್ಗಿತ್ತು.

"ಗೊತ್ತಿಲ್ಲ ಸ್ವಾಮಿ. ಅಳ್ತೆ ತಕಂಡಿಲ್ಲ. ಯಾರ್ ಮನೆ ಮಗೀಗಾದ್ರೂ ಆಯ್ತದೆ."

ಅವನು ಅವಳನ್ನೇ ನೋಡಿದ. ಆಮೇಲೆ ತಾನೇ ಗಾಡಿ ಹತ್ತಿದ. ಹಲ್ಲಿನ ಬಕೆಟ್ಟು ನಡುಗುತ್ತಾ ಮೇಲೆದ್ದು ನನ್ನ ಕಣ್ಣಿಗೆ ಅರ್ಧ ಆಕಾಶ ಮುಚ್ಚಿತು. ಉಳಿದರ್ಧದಲ್ಲಿ ಒಂದು ಮೋಡವೂ ಇರಲಿಲ್ಲ.