ರಂಜಿ ಎಣಿಸದ ಮರಿಗಳು

ಸಂಕ್ರಾಂತಿಗೆ ಇನ್ನೂ ಒಂದು ತಿಂಗಳಿತ್ತು. ಅವರೆಕಾಯಿಗೆ ಸೊಗಡು ಹತ್ತಿದ ಕಾಲ, ಆಡುಗಳು ಕಾಡಂಚಿನಿಂದ ಮನೆಗೆ ಬರುವ ಹೊತ್ತು. ಇದು ಶುರುವಾದದ್ದು ಆವಾಗ. ನಾನು ರೊಪ್ಪದ ಬಾಗಿಲು ಹಿಡಿದುಕೊಂಡು ನಿಂತಿದ್ದೆ. ಆಡುಗಳು ಒಂದರ ಹಿಂದೆ ಒಂದು ಒಳಗೆ ಹೋಗುತ್ತಿದ್ದವು. ನನ್ನ ಮೊಮ್ಮಗಳು ಶಿವರಂಜನಿ, ನಾವು ರಂಜಿ ಅನ್ನುತ್ತೇವೆ, ಪಕ್ಕದಲ್ಲಿ ನಿಂತು ಹೆಸರು ಹೇಳುತ್ತಿದ್ದಳು.

"ಕೆಂಚಿ ಬಂದ್ಲು. ಚುಕ್ಕಿ ಬಂದ್ಲು. ಗೌಡ್ತಿ ಬಂದ್ಲು. ತಾತ, ಮುರುಗಿವಿ ಇನ್ನೂ ಬಂದಿಲ್ಲ."

ಮುರುಗಿವಿ ಬೇಲಿಯ ಆಚೆ ನಿಂತಿತ್ತು. ಅದರ ಪಕ್ಕದಲ್ಲಿ ರಂಜಿಯ ಟೀಚರಮ್ಮ ಭವ್ಯ ನಿಂತಿದ್ದರು.

ಭವ್ಯ ಯಳಂದೂರು ಕಡೆ ಅಗರದವರು, ಗದ್ದೆ ಇರುವ ಮನೆಯ ಹೆಣ್ಣುಮಗಳು. ಹನೂರಿನಲ್ಲಿ ರೂಮು ಮಾಡಿಕೊಂಡು ದಿನಾ ಬಸ್ಸಿನಲ್ಲಿ ನಮ್ಮ ಹೂಗ್ಯಂಗೆ ಬರುತ್ತಾರೆ. ಅವರ ಕ್ಲಾಸಿನಲ್ಲಿ ಬೆಂಚಿಲ್ಲ, ಚಾಪೆಗಳಿವೆ. ಗೋಡೆಯ ಮೇಲೆ ದೊಡ್ಡದೊಂದು ಏಣಿಯ ಪಟ. ಒಂದೊಂದು ಮೆಟ್ಟಿಲಿಗೂ ಒಂದೊಂದು ಪಾಠದ ಕಾರ್ಡು. ಮಗು ತನ್ನ ಕಾರ್ಡು ತಾನೇ ತಗೊಂಡು, ಕಲಿತಾದ ಮೇಲೆ ತಾನೇ ಮೇಲಿನ ಮೆಟ್ಟಿಲಿಗೆ ಹೋಗಬೇಕು. ಒಬ್ಬರಿಗೆ ನಾಲ್ಕು ದಿನ, ಇನ್ನೊಬ್ಬರಿಗೆ ನಾಲ್ಕು ವಾರ. ಯಾಕೆ ಹಿಂದೆ ಅಂತ ಯಾರೂ ಬೈಯುವುದಿಲ್ಲ. ನಮ್ಮ ಕಾಲದಲ್ಲಿ ಇಂಥದ್ದು ಇರಲಿಲ್ಲ.

"ಒಂದು ವಿಷಯ ಕೇಳೋಣ ಅಂತ ಬಂದೆ ತಾತ" ಅಂದರು ಭವ್ಯ. "ರಂಜಿ ನೂರರ ತನಕ ಬಾಯಲ್ಲಿ ಹೇಳ್ತಾಳೆ, ಬರೀತಾಳೆ, ಕಳೆಯೋ ಲೆಕ್ಕನೂ ಮಾಡ್ತಾಳೆ. ಚಿತ್ರದ ಕಾರ್ಡು ಕೊಟ್ರೆ ಮಾತ್ರ ಬಾಯೇ ಬಿಡಲ್ಲ. ಮೂರು ವಾರ ಆಯ್ತು, ಒಂದೇ ಮೆಟ್ಟಿಲಲ್ಲಿ ಕೂತವಳೆ."

"ಯಾವ ಚಿತ್ರ ಅವ್ವ?"

"ಆಡು, ಕೋಳಿಮರಿ, ಮಕ್ಕಳು. ಎಷ್ಟಿವೆ ಎಣಿಸು ಅಂತ ಇರುತ್ತೆ."

ಜಗಲಿಯಲ್ಲಿ ಅವರೆ ಸುಲಿಯುತ್ತಿದ್ದ ನನ್ನ ಹೆಂಡತಿ ಚಿಕ್ಕಮಾದಮ್ಮ ನಕ್ಕುಬಿಟ್ಟಳು. "ಅದಾ? ಈ ಮುದುಕ್ನ ಕೇಳ್ರವ್ವ. ಮದ್ವೆಯಾಗಿ ನಲವತ್ತೆಂಟು ವರ್ಸ, ಒಂದಿನ ನಮ್ಮಾಡು ಇಷ್ಟವೆ ಅಂತ ಬಾಯ್ಬುಟ್ಟಿಲ್ಲ. ಎಣಸಿದ್ರೆ ಕಮ್ಮಿಯಾಯ್ತವಂತೆ."

ಜೀವ ಇರುವುದನ್ನು ಎಣಿಸಬಾರದು, ಅದು ನಮ್ಮಪ್ಪ ಹೇಳಿಕೊಟ್ಟದ್ದು. ಏಳು ವರ್ಷದವನಿದ್ದಾಗ ಒಂದು ಸಂಜೆ ಬೆರಳು ಮಡಚಿ ಮಡಚಿ ಆಡು ಎಣಿಸಿದ್ದೆ. ನಲವತ್ತೊಂದು ಅಂತ ಗಟ್ಟಿಯಾಗಿ ಹೇಳಿದೆ. ಬೆಳಿಗ್ಗೆ ಎದ್ದರೆ ಒಂದನ್ನು ಚಿರತೆ ಎಳೆದುಕೊಂಡು ಹೋಗಿತ್ತು. ಮಾರನೆಯ ವರ್ಷ ಎರಡನೇ ಕ್ಲಾಸಿನಲ್ಲಿ ಮೇಷ್ಟ್ರು, ಸಾಲಿನಲ್ಲಿ ನಿಂತ ಹುಡುಗರನ್ನು ಎಣಿಸು ಅಂದರು. ನಾನು ತುಟಿ ಬಿಗಿಹಿಡಿದೆ. ಹುಣಸೆ ಬರಲು ತಂದರು. ಆಗಲೂ ಎಣಿಸಲಿಲ್ಲ. ಮರುದಿನದಿಂದ ಆಡಿನ ಹಿಂದೆ ಹೋದವನು ಸ್ಕೂಲಿನ ಮುಖ ನೋಡಲಿಲ್ಲ. ಅಲ್ಲಿ ಕಲಿತಷ್ಟು ಅಕ್ಷರದಲ್ಲೇ ಇವತ್ತಿಗೂ ಬಸ್ಸಿನ ಬೋರ್ಡು ಓದುತ್ತೇನೆ.

ಅದನ್ನೆಲ್ಲ ಹೇಳಿದೆ. ಟೀಚರಮ್ಮ ನಗಲಿಲ್ಲ. ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದು ಬರೆದುಕೊಂಡರು.

"ಮೊದ್ಲೇ ಬಂದು ಕೇಳ್ಬೇಕಿತ್ತು ನಾನು" ಅಂದರು.

ಆ ಭಾನುವಾರ ಅವರು ರಂಜಿಗೆ ಅಂತಲೇ ಬೇರೆ ಕಾರ್ಡು ಬರೆದರು. ಮಡಕೆ, ಬೀಗದಕೈ, ಚಪ್ಪಲಿ. ಹತ್ತು ದಿನದಲ್ಲಿ ರಂಜಿ ಮೂರು ಮೆಟ್ಟಿಲು ಹತ್ತಿದಳು. ಮನೆಗೆ ಬಂದು ಚಿಕ್ಕಮಾದಮ್ಮನ ಪಾತ್ರೆಗಳನ್ನೆಲ್ಲ ಎಣಿಸಿ, ಒಂದು ಲೋಟ ಕಮ್ಮಿ ಅಂತ ಜಗಳ ತೆಗೆದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ರಂಜಿ ಮುಖ ಊದಿಸಿಕೊಂಡು ಬಂದಳು. ಮೈಸೂರಿನಿಂದ ಉದಯಕುಮಾರ್ ಅನ್ನುವವರು ನಾಳೆ ಬರುತ್ತಾರಂತೆ. ಮಕ್ಕಳು ಅವರವರ ದಾರಿಯಲ್ಲಿ ಹೇಗೆ ಕಲಿಯುತ್ತಾರೆ ಅಂತ ಸಂಶೋಧನೆ ಮಾಡುವವರು. ಎಲ್ಲರಿಗೂ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಆಗದವರು ಇನ್ನು ಮೇಲೆ ಒಂದನೇ ಕ್ಲಾಸಿನವರ ಚಾಪೆಯಲ್ಲಿ ಕೂರಬೇಕು.

"ಹಾಳೆ ತುಂಬ ಕೋಳಿಮರಿ ಅವಂತೆ" ಅಂದಳು ರಂಜಿ. "ಸಣ್ಣವ್ರ ಚಾಪೇಲಿ ಕೂರುಸುದ್ರೆ ನಾನು ಸ್ಕೂಲಿಗೆ ಓಗಲ್ಲ. ನಿನ್ನ ಜೊತೇಲಿ ಆಡು ಮೇಯ್ಸಕ್ಕೆ ಬತ್ತೀನಿ."

ಅವಳು ಹಟ ಹಿಡಿದರೆ ಬಿಡುವವಳಲ್ಲ. ಆ ಹಟ ಯಾರದ್ದು ಅಂತ ನನಗೆ ಚೆನ್ನಾಗಿ ಗೊತ್ತು.

ರಾತ್ರಿ ಊಟಕ್ಕೆ ಕೂತಿದ್ದೆವು. ತಟ್ಟೆ ಸರಿಸಿ ಅವಳನ್ನು ಹತ್ತಿರ ಕರೆದೆ. "ಪಟದ ಮರಿ ಮೇಯಲ್ಲ ಕಣವ್ವ, ಕೂಗಲ್ಲ. ಅದುನ್ನ ಎಣಸ್ಬೌದು."

ಅವಳು ಒಳಗೆ ಹೋಗಿ ಗೋಡೆಯಲ್ಲಿದ್ದ ಕ್ಯಾಲೆಂಡರು ತಂದಳು. ಅದರಲ್ಲಿ ಹಸುವೂ ಕರುಗಳೂ ಇದ್ದವು. "ಹಂಗಾರೆ ಮೊದ್ಲು ನೀನು ಎಣಸು."

ನಾನು ಬೆರಳಿಟ್ಟೆ. ಒಂದು ಅನ್ನಲು ಹೋಗಿ ಬೆರಳು ತೆಗೆದುಬಿಟ್ಟೆ. ನಾಲ್ಕೈದೇ ಕರು ಇದ್ದದ್ದು.

"ನೋಡು, ನಿಂಗೂ ಆಗಲ್ಲ" ಅಂದಳು ರಂಜಿ. ಕ್ಯಾಲೆಂಡರು ಸುತ್ತಿಟ್ಟು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

ಬೆಳಿಗ್ಗೆ ಆಡನ್ನು ಚಿಕ್ಕಮಾದಮ್ಮನಿಗೆ ಒಪ್ಪಿಸಿ ರಂಜಿಯ ಜೊತೆ ಸ್ಕೂಲಿಗೆ ಹೋದೆ. ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತೆ. ಉದಯಕುಮಾರ್ ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ. ನನ್ನನ್ನು ನೋಡಿ ಒಳಗೆ ಬನ್ನಿ ಅಂದರು. ಇಲ್ಲೇ ಸರಿ ಸಾ ಅಂದೆ.

ಭವ್ಯ ರಂಜಿಯ ವಿಷಯ ಎಲ್ಲ ಹೇಳಿ, ತಾವು ಬರೆದ ಕಾರ್ಡು ತೋರಿಸಿದರು. ಉದಯಕುಮಾರ್ ಒಂದೊಂದನ್ನೂ ತಿರುಗಿಸಿ ನೋಡಿದರು.

"ಚೆನ್ನಾಗಿದೆ ಮೇಡಂ. ಆದ್ರೆ ನಲವತ್ತು ಸ್ಕೂಲಿಗೂ ಇದೇ ಹಾಳೆ. ಒಬ್ಬಳಿಗೆ ಬದಲಾಯಿಸಿದ್ರೆ ನನ್ನ ಲೆಕ್ಕ ಕೆಡುತ್ತೆ."

"ಒಂದೊಂದು ಮಗುಗೂ ಒಂದೊಂದು ದಾರಿ ಅಂತ ತಾನೆ ಸರ್ ನೀವು ನೋಡೋಕೆ ಬಂದಿರೋದು?"

ಉದಯಕುಮಾರ್ ಕನ್ನಡಕ ಒರೆಸಿಕೊಂಡರು. "ಹೌದು. ಆದ್ರೆ ಹಾಳೆ ಒಂದೇ" ಅಂದರು. ಅವರಿಗೂ ಸ್ವಲ್ಪ ನಾಚಿಕೆಯಾದ ಹಾಗಿತ್ತು.

ರಂಜಿಯ ಸರದಿ ಬಂತು. ಹಾಳೆಯಲ್ಲಿ ಒಂದು ಹೇಂಟೆ, ಸುತ್ತ ಮರಿಗಳು. ಉದಯಕುಮಾರ್ ಓದಿದರು. "ಇಲ್ಲಿರೋ ಮರಿಗಳಲ್ಲಿ ನಾಲ್ಕನ್ನ ಹದ್ದು ಹೊತ್ಕೊಂಡು ಹೋಯ್ತು. ಉಳಿದಿದ್ದು ಎಷ್ಟು?"

"ಹದ್ದು ಯಾಕೆ ಬಂತು ಸಾ?"

"ಸುಮ್ನೆ ಲೆಕ್ಕಕ್ಕೆ ಬಂತು ಪುಟ್ಟಿ."

"ಲೆಕ್ಕಕ್ಕೆ ಅಂತ ಬಂದ್ರೂ ತಿಂತದೆ."

ಹುಡುಗರು ನಕ್ಕರು. ರಂಜಿ ನಗಲಿಲ್ಲ. ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದಳು. ಎಣಸು ಅಂತ ಕಣ್ಣಲ್ಲೇ ಹೇಳಬೇಕು ಅಂದುಕೊಂಡೆ, ಆಗಲಿಲ್ಲ. ತಲೆ ತಗ್ಗಿಸಿದೆ. ಹುಣಸೆ ಬರಲು ಕಂಡ ಎಂಟು ವರ್ಷದ ಆ ಹುಡುಗನನ್ನೇ ಮತ್ತೆ ಸ್ಕೂಲಿನಿಂದ ಹೊರಗೆ ಹಾಕುತ್ತಿದ್ದೇನೆ ಅನ್ನಿಸಿತು.

ಅವಳು ಎದ್ದು ನನ್ನನ್ನು ದಾಟಿಕೊಂಡು ಅಂಗಳಕ್ಕೆ ಓಡಿದಳು. ಹೊರಟೇ ಹೋದಳು ಅಂದುಕೊಂಡೆ. ಹೊಂಗೆ ಮರದ ಕೆಳಗೆ ಬಗ್ಗಿ, ಉದುರಿದ ಕಾಯಿಗಳನ್ನು ಲಂಗದಲ್ಲಿ ತುಂಬಿಕೊಂಡು ವಾಪಸು ಬಂದಳು. ಹಾಳೆಯನ್ನು ನೆಲಕ್ಕಿಟ್ಟು ಒಂದೊಂದು ಮರಿಯ ಮೇಲೂ ಒಂದೊಂದು ಕಾಯಿ ಇಟ್ಟಳು. ಯಾವ ಮರಿಯೂ ಕಾಣದ ಹಾಗೆ ಮುಚ್ಚಿದ ಮೇಲೆ, ಕಾಯಿಗಳನ್ನೆಲ್ಲ ಬಾಚಿ ಪಕ್ಕಕ್ಕೆ ಎಳೆದುಕೊಂಡು ಗಟ್ಟಿಯಾಗಿ ಎಣಿಸಿದಳು. ಹದಿಮೂರು. ಅದರಲ್ಲಿ ನಾಲ್ಕನ್ನು ಎತ್ತಿ ಹೊರಗೆ ಎಸೆದಳು.

"ಒಂಬತ್ತು ಕಾಯಿ ಸಾ. ಮರಿ ಎಲ್ಲಾ ಅಲ್ಲೇ ಅವೆ, ನೋಡಿ."

ಉದಯಕುಮಾರ್ ಬಗ್ಗಿ ಹಾಳೆ ನೋಡಿದರು. ಆಮೇಲೆ ಅಂದರು, "ಮೇಡಂ, ಮಕ್ಕಳಿಗೆ ಬೇರೆ ವಸ್ತು ಕೊಡಬಾರ್ದು ಅಂತ ನಿಯಮ ಇದೆ."

"ನಾನು ಏನೂ ಕೊಟ್ಟಿಲ್ಲ ಸರ್" ಅಂದರು ಭವ್ಯ. "ತಾತನೂ ಕೊಟ್ಟಿಲ್ಲ. ನೀವೂ ಕೊಟ್ಟಿಲ್ಲ."

ಉದಯಕುಮಾರ್ ಹಾಳೆಯಲ್ಲಿ ಒಂಬತ್ತು ಅಂತ ಬರೆದರು. ಕೆಳಗೆ ಇನ್ನೂ ಏನೋ ಬರೆಯಲು ಜಾಗ ಹುಡುಕಿದರು, ಸಿಗಲಿಲ್ಲ. ಹಾಳೆ ತಿರುಗಿಸಿ ಹಿಂದೆ ತುಂಬ ಹೊತ್ತು ಬರೆದರು. ಆಮೇಲೆ ರಂಜಿಗೆ, "ಹೋಗಿ ನಿನ್ನ ಚಾಪೇಲೇ ಕೂತ್ಕೊ" ಅಂದರು.

ನಾನು ಎದ್ದು ಪಂಚೆ ಕೊಡವಿಕೊಂಡೆ. ಕಾಲು ಜೋಮು ಹಿಡಿದಿತ್ತು. ಒಳಗೆ ಅವಳು ಆಗಲೇ ಪಕ್ಕದ ಹುಡುಗಿಗೆ ಕಾಯಿ ಹೇಗೆ ಇಡಬೇಕು ಅಂತ ತೋರಿಸುತ್ತಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಮನೆಗೆ ಬಂದೆ.

ಊಟವಾದ ಮೇಲೆ ಎರಡೂವರೆಯ ಬಸ್ಸಿಗೆ ಉದಯಕುಮಾರ್ ಕೊಳ್ಳೇಗಾಲದ ಕಡೆ ಹೊರಟರು. ಅದು ಗುರುವಾರ. ಶುಕ್ರವಾರ ಬೆಳಿಗ್ಗೆ ನಾನು ರೊಪ್ಪದ ಬಾಗಿಲು ತೆಗೆಯುವ ಮೊದಲೇ ರಂಜಿ ಸ್ಕೂಲಿಗೆ ಹೊರಟಿದ್ದಳು.