ಸಾಲಿನ ಕೊನೆಯವಳು

ಅಂಗೈಗೆ ತಗುಲಿದ ಒದ್ದೆ ಮೂಗು, ತಣ್ಣಗೆ, ಅದರ ಹಿಂದೆಯೇ ಹುಲ್ಲಿನ ವಾಸನೆಯ ಬಿಸಿ ಉಸಿರು, ಓಡಬಾರದು, ಎಳೆಹೋರಿಗಳು ಕೆಟ್ಟವಲ್ಲ, ಕುತೂಹಲ ಜಾಸ್ತಿ, ಓಡಿದರೆ ಅವೂ ಓಡುತ್ತವೆ, ಎರಡೂ ಕೈ ಅಗಲಿಸಿ ಸುಮ್ಮನೆ ನಿಂತುಬಿಡಬೇಕು, ಹೊಲದ ಬೆದರುಬೊಂಬೆಯ ಹಾಗೆ, ಬೆನ್ನ ಹಿಂದೆ ಎಲ್ಲರೂ ಗೇಟು ದಾಟುವ ತನಕ — ಹತ್ತೊಂಬತ್ತು ವರ್ಷದಿಂದ ಪ್ರತಿ ಬುಧವಾರ ಇದೇ ನನ್ನ ಪಾಲಿನ ಕೆಲಸ, ಗಂಡ ರಾಡ್ನಿ ಸಾಲಿನ ಮುಂದೆ ಕೆಂಪು ಟೊಪ್ಪಿಗೆ ಹಾಕಿಕೊಂಡು, ನಾನು ಸಾಲಿನ ಕೊನೆಗೆ, ನಡುವೆ ಆಶ್‌ಕಂಬ್‌ನ ನಡಿಗೆ ಬಳಗ, ಹಿಂದೆ ಬಿದ್ದವರನ್ನು ಕರೆದುಕೊಂಡು ಬರುವುದು, ಬಿದ್ದ ಕೈಗವಸು ಹೆಕ್ಕುವುದು, ಗೇಟು ಮುಚ್ಚುವುದು — ಈ ಗೇಟು ಒಂದು ಸಲಕ್ಕೆ ಒಬ್ಬರನ್ನೇ ಬಿಡುವಂಥದ್ದು, ಒಳಗೆ ಹೋಗಿ, ಮೂಲೆಗೆ ಸರಿದು, ಬಾಗಿಲನ್ನು ಹೊಟ್ಟೆಯ ಮುಂದಿನಿಂದ ಹಾಯಿಸಿ ಆ ಕಡೆ ಹೊರಬೀಳಬೇಕು, ರಾಡ್ನಿ ಆಗಲೇ ದಾಟಿದ್ದಾನೆ, ಉಳಿದ ಪ್ರತಿಯೊಬ್ಬರಿಗೂ ಒಂದು ಕಿರ್ ಒಂದು ಟಪ್, ಹತ್ತು, ಹನ್ನೊಂದು, ಹನ್ನೆರಡನೆಯದು ಹೆಸ್ಟರ್ ಇರಬೇಕು, ಕೋಲು ಬಡಿದ ಸದ್ದು, ಎಂಬತ್ತೊಂದು ವರ್ಷ, ಆದರೂ ಒಂದು ಬುಧವಾರ ತಪ್ಪಿಸಿಲ್ಲ, ಹದಿಮೂರು, ಹದಿನಾಲ್ಕು, ಇನ್ನು ನಾನೂ ಹೋಗಬಹುದು, ಒಂದು ಹೆಜ್ಜೆ ಹಿಂದಕ್ಕೆ — ಬಲಗಾಲು ಬರುತ್ತಿಲ್ಲ, ದನಗಳು ತುಳಿದೂ ತುಳಿದೂ ಗೇಟಿನ ಮುಂದೆ ಕೆಸರು ಹಿಟ್ಟಿನ ಹಾಗಾಗಿದೆ, ಬೂಟು ಕಾಲಗಿಣ್ಣಿನವರೆಗೂ ಇಳಿದಿದೆ, ಅಷ್ಟರಲ್ಲಿ ಬೆನ್ನ ಹಿಂದೆ ರಾಡ್ನಿಯ ದನಿ, ಹನ್ನೆರಡು, ಹದಿಮೂರು, ಹದಿನಾಲ್ಕು, ನಾನೊಬ್ಬ ಹದಿನೈದು, ಎಲ್ಲಾ ಬಂದ ಹಾಗಾಯ್ತು, ನಡೀರಿ, ಪ್ಲೌ ಪಬ್ಬಲ್ಲಿ ಸೂಪಿಗೆ ಹೇಳಿದ್ದೀನಿ.

ಎಲ್ಲಾ ಬಂದ ಹಾಗಾಯ್ತು ಅಂದ. ಹದಿನೈದು. ಕೂಗಬೇಕಿತ್ತು, ರಾಡ್ನಿ ಅಂತ ಒಂದು ಮಾತು, ಬಾಯಿಯೂ ತೆರೆದಿತ್ತು, ಆದರೆ ಕೂಗದೆ ಇದ್ದರೆ ಏನಾಗುತ್ತದೆ ಎಂಬ ಯೋಚನೆ ಎಲ್ಲಿಂದಲೋ ಬಂದು ಅಡ್ಡ ನಿಂತಿತು, ಎಷ್ಟು ಹೊತ್ತಿಗೆ ತಿರುಗಿ ನೋಡುತ್ತಾನೆ, ಬೇಲಿಯ ಹತ್ತಿರವೋ, ಓಕ್ ಮರದ ಹತ್ತಿರವೋ, ಕತ್ತು ತಿರುಚಿ ನೋಡುತ್ತೇನೆ, ಟೊಪ್ಪಿಗೆ ಓಕ್ ಮರ ದಾಟಿತು, ದಿಬ್ಬ ಏರುತ್ತಿದೆ, ಅದರ ಹಿಂದೆ ಬಣ್ಣಬಣ್ಣದ ಮಳೆಕೋಟುಗಳು, ಯಾರೋ ನಗುತ್ತಿದ್ದಾರೆ, ಇನ್ನೂ ಆ ಸಮಾಧಿಯ ಮಾತಿಗೇ ನಗುತ್ತಿರಬೇಕು — ಹನ್ನೊಂದು ಗಂಟೆಗೆ, ಗುಡ್ಡದ ಮೈಯಲ್ಲಿ ಸುಣ್ಣಕಲ್ಲು ಕಾಣುವಂತೆ ಕೊರೆದ ಬಿಳಿ ಕುದುರೆಯ ಕಾಲ ಬಳಿ ಎಲ್ಲರೂ ಚಹಾಕ್ಕೆ ಕೂತಾಗ ರಾಡ್ನಿ ಎದ್ದು ನಿಂತು ಹೇಳಿದ್ದು, ಲೋರ್ನಾಗೆ ಗೊತ್ತಿಲ್ಲದ ಒಂದು ಸುದ್ದಿ ಇದೆ, ಚರ್ಚಿನ ಪಾದ್ರಿ ಒಪ್ಕೊಂಡ್ರು, ಪೂರ್ವದ ಗೋಡೆ ಪಕ್ಕ ನಮ್ಮಿಬ್ಬರಿಗೂ ಜಾಗ ಸಿಕ್ತು, ಅಲ್ಲಿಂದ ಹೊಳೆಗೆ ಹೋಗೋ ಕಾಲುದಾರಿ ಪೂರ್ತಿ ಕಾಣುತ್ತೆ, ಅಕ್ಕಪಕ್ಕ ಮಾತ್ರ ಇಲ್ಲ, ಒಂದರ ಹಿಂದೆ ಒಂದು, ಅಲ್ಲಿಗೆ ಹೋದ ಮೇಲೂ ನೀನು ನನ್ನ ಹಿಂದೇನೇ ಕಣೇ. ಹದಿನಾಲ್ಕು ಜನ ಚಪ್ಪಾಳೆ ತಟ್ಟಿದರು, ಎಂಥ ಗಂಡ ನೋಡು ಅಂದಳು ಯಾರೋ, ಬಾಯಲ್ಲಿದ್ದ ಶುಂಠಿ ಕೇಕು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ, ನಾನೂ ನಕ್ಕೆ, ನಗುವುದು ಎಷ್ಟು ಸುಲಭ, ಕೆನ್ನೆ ಎರಡೂ ತಾವಾಗಿಯೇ ಮೇಲೆ ಹೋಗುತ್ತವೆ. ಇದೇ ಗೇಟಿನಲ್ಲಿ, ಆಗಲೂ ನಕ್ಕಿದ್ದೆ, ಎಪ್ಪತ್ತೊಂಬತ್ತನೇ ಇಸವಿ, ಇಪ್ಪತ್ತಮೂರು ವರ್ಷ, ಜಿಲ್ಲೆಯ ಕಾಲುದಾರಿಗಳ ನಕ್ಷೆ ಬರೆಯಲು ಆರು ವಾರಕ್ಕೆಂದು ಬಂದವಳು, ಪ್ಯಾಸ್ಕೋ ಅನ್ನುವ ವಿಧವೆಯ ಮನೆಯಲ್ಲಿ ಮಹಡಿಯ ಕೋಣೆ, ದಾರಿ ತೋರಿಸಲು ಅವಳ ಮಗ ರಾಡ್ನಿ, ಗೇಟಿನ ಮೂಲೆಗೆ ನಾನು ಸರಿದಾಗ ಆ ಕಡೆಯಿಂದ ಬಾಗಿಲು ಹಿಡಿದು ನಿಂತುಬಿಟ್ಟ, ಸುಂಕ ಕೊಟ್ಟರೆ ಬಿಡ್ತೀನಿ, ಒಂದು ಮುತ್ತು, ಇಲ್ಲಾಂದ್ರೆ ಇಲ್ಲೇ ಇರು, ಬೇಲಿಯ ತುಂಬ ಹಾಥಾರ್ನ್ ಹೂವು, ಬಿಳಿ, ಸ್ವಲ್ಪ ಹುಳಿತ ವಾಸನೆ, ಕೊಟ್ಟೆ, ಕೊಡುವುದು ಹಿತವಾಗಿಯೂ ಇತ್ತು, ಸುಳ್ಳು ಯಾಕೆ ಹೇಳಲಿ, ಆಮೇಲೆ ನಕ್ಷೆಯ ಕಚೇರಿಯಿಂದ ಕಾಯಂ ಕೆಲಸದ ಪತ್ರ ಬಂತು, ಅಮ್ಮನ್ನ ನೋಡ್ಕೊಳ್ಳೋರು ಯಾರು ಅಂದ, ಆರು ವಾರ ನಲವತ್ತನಾಲ್ಕು ವರ್ಷವಾಯಿತು. ಆಶ್‌ಕಂಬ್ ಸುತ್ತಿನ ಏಳು ನಡಿಗೆಗಳು ಅಂತ ಅಂಚೆಕಚೇರಿಯಲ್ಲಿ ಸಿಗುವ ಆ ಮಡಚಿದ ಕಾಗದ, ಒಂದೊಂದು ಗೆರೆಯೂ ನನ್ನದು, ನೀಲಿಗಂಟೆ ಹೂವಿನ ಕಾಡು, ಹಳೇ ಗಿರಣಿ, ಬಿಳಿ ಕುದುರೆ, ಎಲ್ಲ, ಕೆಳಗೆ ರಾಡ್ನಿ ಪ್ಯಾಸ್ಕೋ ಅಂತ ಹೆಸರು, ಏಳೂ ಕಾರು ನಿಲ್ಲಿಸುವ ಜಾಗದಲ್ಲಿ ಶುರು, ಅಲ್ಲಿಗೇ ಮುಕ್ತಾಯ. ಎಂಟನೆಯದೊಂದು ಬರೆದಿದ್ದೆ, ಸುತ್ತಿಲ್ಲದ್ದು, ಗುಡ್ಡದ ಬೆನ್ನೇರಿ ನೇರ ಹನ್ನೊಂದು ಮೈಲಿ, ಕಡಲಿಗೆ, ಅದನ್ನು ಕತ್ತರಿಸಿ ತೆಗೆದ, ಹೋದವರು ವಾಪಸ್ ಬರೋದು ಹೇಗೆ ಮಾರಾಯ್ತಿ, ಕಾರು ಇಲ್ಲಿ ಇರುತ್ತಲ್ಲ.

ದಿಬ್ಬದ ಮೇಲೆ ಈಗ ಯಾರೂ ಇಲ್ಲ. ಟೊಪ್ಪಿಗೆಯೂ ಇಲ್ಲ. ಹೋರಿಗಳು ಅರ್ಧಚಂದ್ರದ ಹಾಗೆ ನಿಂತು ನನ್ನನ್ನೇ ನೋಡುತ್ತಿವೆ, ಹಳದಿ ಓಲೆ ಚುಚ್ಚಿದ ಕಿವಿಗಳು, ಪ್ರತಿ ಓಲೆಯಲ್ಲೂ ಒಂದು ಸಂಖ್ಯೆ, ಇವುಗಳನ್ನೂ ಯಾರೋ ಎಣಿಸುತ್ತಾರೆ, ಕಾಲು ಎಳೆದೆ, ಕೆಸರು ಚಪ್ಪರಿಸಿತೇ ಹೊರತು ಬಿಡಲಿಲ್ಲ, ಇನ್ನೂ ಎಳೆದಷ್ಟೂ ಇನ್ನೂ ಒಳಕ್ಕೆ, ಸೊಂಟ ಹಿಡಿಯಿತು — ಆಗ ಕೋಲಿನ ಸದ್ದು, ಇಳಿಜಾರಿನಲ್ಲಿ ಹೆಸ್ಟರ್, ಒಬ್ಬಳೇ, ಬೂದುಬಣ್ಣದ ಟೋಪಿ ಕಿವಿಗೆ ಎಳೆದುಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಬಂದಳು, ಗೇಟಿನ ಮೇಲೆ ಮೊಣಕೈ ಊರಿ ಉಸಿರು ಸುಧಾರಿಸಿಕೊಂಡಳು. ಹದಿನೈದು ಅಂದ ಅವನು, ನಾನು ದಾರಿಯುದ್ದಕ್ಕೂ ಲೆಕ್ಕ ಹಾಕ್ತಾ ಹೋದೆ, ನನ್ನ ಲೆಕ್ಕದಲ್ಲಿ ಒಬ್ಬರು ಕಮ್ಮಿ. ಅವನಿಗೆ ಗೊತ್ತಾಯ್ತಾ ಅಂದೆ. ಇಲ್ಲ, ನಿನಗೂ ಸೂಪಿಗೆ ಹೇಳಿದ್ದಾನೆ, ಲೀಕ್ ಸೊಪ್ಪಿನ ಸೂಪು. ನನಗೆ ಲೀಕ್ ಸೇರೋಲ್ಲ ಹೆಸ್ಟರ್. ಅದು ನನಗೆ ಗೊತ್ತು. ಮೇಲೆ ರೂಕ್ ಹಕ್ಕಿಗಳು ಗಲಾಟೆ ಮಾಡುತ್ತಿದ್ದವು, ಅವಳು ಕೋಲು ಚಾಚಿದಳು, ಹಿಡಿದೆ, ಇಬ್ಬರೂ ಎಳೆದೆವು, ಬೂಟು ಅಲ್ಲಾಡಲಿಲ್ಲ, ಅವಳ ಗಂಡ ಮಲಗಿರುವುದೂ ಅದೇ ಪೂರ್ವದ ಗೋಡೆಯ ಪಕ್ಕ, ಕಲ್ಲಿನ ಮೇಲೆ ಅವಳ ಹೆಸರಿಗೆ ಅರ್ಧ ಜಾಗ ಖಾಲಿ ಬಿಟ್ಟಿದ್ದಾರೆ, ನೀವು ಅಲ್ಲಿಗೇ ಹೋಗ್ತೀರಲ್ಲ ಅಂತ ಕೇಳಿಬಿಟ್ಟೆ, ಯಾಕೆ ಕೇಳಿದೆನೋ. ಇಲ್ಲಮ್ಮ, ಈ ದೇಹಾನ ಡಾಕ್ಟರಿಕೆ ಕಲಿಯೋ ಮಕ್ಕಳಿಗೆ ಕೊಟ್ಟುಬಿಟ್ಟಿದ್ದೀನಿ, ಸಹಿ ಹಾಕಿ ಮೂರು ವರ್ಷ ಆಯ್ತು, ಈ ಮಂಡಿ ನೋಡಿ ಅವರು ಏನು ಕಲೀತಾರೋ, ಯಾರ ಹತ್ರನೂ ಹೇಳ್ಬೇಡ. ಅವಳ ಮುಖದಲ್ಲಿ ನಗು ಇರಲಿಲ್ಲ. ಬಗ್ಗಿ ಬೂಟಿನ ದಾರ ಬಿಚ್ಚಿದೆ, ಒದ್ದೆ ಗಂಟು, ಉಗುರು ನೋಯಿತು, ಕಾಲು ತಾನೇ ಜಾರಿ ಈಚೆ ಬಂತು, ಕಾಲುಚೀಲ ಕೆಸರಿಗೆ ತಾಗಿದ ಕೂಡಲೇ ಥಂಡಿ ನೆತ್ತಿಯವರೆಗೆ. ಈ ಕಡೆ ಬರ್ತೀಯಾ, ಇಲ್ಲ ಕೆಳಗಿನ ರಸ್ತೆಗೆ ಇಳೀತೀಯಾ, ಬೇಗ ಹೇಳು, ನನಗೆ ನಿಲ್ಲೋಕಾಗಲ್ಲ, ಒಂದೂ ಇಪ್ಪತ್ತಕ್ಕೆ ಬಸ್ಸಿದೆ ಅಂದಳು ಹೆಸ್ಟರ್. ಹೊಲದ ಕೆಳತುದಿಯಲ್ಲಿ ಬೇಲಿ ಹತ್ತಿ ದಾಟುವ ಹಲಗೆ ಮೆಟ್ಟಿಲು, ಅದರಾಚೆ ರಸ್ತೆ, ನಡುವೆ ಹೋರಿಗಳು. ಅವನಿಗೆ ಏನು ಹೇಳ್ಲಿ ಅಂದಳು. ಹದಿನಾರು ಅಂತ ಹೇಳಿ, ಅಷ್ಟೇ, ಅಂದೆ.

ಹೋರಿಗಳು ದಾರಿ ಬಿಟ್ಟವು, ಅಥವಾ ನಾನು ನೋಡಲಿಲ್ಲ, ಒಂದು ಕಾಲಲ್ಲಿ ಬೂಟು ಒಂದು ಕಾಲಲ್ಲಿ ಚೀಲ, ಮೇಲೆ ಕೆಳಗೆ ಮೇಲೆ ಕೆಳಗೆ, ಬಸ್ಸಿನ ಚಾಲಕ ಪಾದ ನೋಡಿದ, ಹಿರಿಯರ ಪಾಸು ನೋಡಿದ, ಏನಮ್ಮ ಇದು, ಕೂತ್ಕೊಳ್ಳಿ ಅಂದ, ಕೂತಿದ್ದೇನೆ, ಸೀಟಿನ ಕೆಳಗಿಂದ ಬೆಚ್ಚನೆ ಗಾಳಿ, ಕಿಟಕಿಯ ಆಚೆ ನನ್ನ ನಕ್ಷೆಯ ದಾರಿಗಳೆಲ್ಲ ಒಂದೊಂದಾಗಿ ರಸ್ತೆಗೆ ಬಂದು ಸೇರುತ್ತವೆ, ಒಂದೊಂದರ ಹೆಸರೂ ಗೊತ್ತು, ಜೇಬಿನಲ್ಲಿ ಫೋನು ನಡುಗುತ್ತಿದೆ, ಎಲ್ಲಿದ್ದೀಯ, ಸೂಪ್ ಆರ್ತಾ ಇದೆ, ಮತ್ತೆ ನಡುಗುತ್ತದೆ, ಲೋರ್ನಾ, ಹೆಸ್ಟರ್ ಏನೇನೋ ಹೇಳ್ತಿದ್ದಾಳೆ, ಏನಿದು ಹದಿನಾರು — ಮಾರ್ಸ್‌ಬರಿಯಲ್ಲಿ ಇಳಿಯಬೇಕು, ಮೊದಲು ಒಂದು ಜೊತೆ ಬೂಟು, ಆಮೇಲೆ ರೈಲು ನಿಲ್ದಾಣ, ಆಮೇಲೆ ರೈಲು, ರೈಲು ಎಲ್ಲಿಗೆ, ಆಮೇಲೆ — ಅಲ್ಲಿಂದಾಚೆ ಯೋಚನೆ ಹೋಗುತ್ತಿಲ್ಲ, ಪಾದ ಇಲ್ಲಿದೆ, ಕಣ್ಣಾರೆ ಕಾಣುತ್ತಿದೆ, ಆದರೂ ಕೆಸರು ಅದನ್ನು ಇನ್ನೂ ಹಿಡಿದೇ ಇದೆ, ಬಿಗಿಯಾಗಿ, ಕಾಲಗಿಣ್ಣಿನ ಸುತ್ತ, ಬಸ್ಸು ತಿರುವು ತೆಗೆದುಕೊಂಡಾಗ ಬೇಲಿಯ ಸಂದಿನಿಂದ ಹೊಲ ಕಂಡಿತು, ಗೇಟು ಕಂಡಿತು, ಹೋರಿಗಳು ಏನನ್ನೋ ಸುತ್ತುವರಿದು ತಲೆ ಬಗ್ಗಿಸಿದ್ದವು, ಬೂಟು, ಒಂದು ಮೂಸುತ್ತಿತ್ತು, ಬೇಲಿ ಮುಚ್ಚಿತು, ಆದರೂ ಕಾಣುತ್ತಿದೆ, ಬೂಟು, ಬಿದ್ದಿಲ್ಲ, ವಾಲಿಲ್ಲ, ದಾರ ಬಿಚ್ಚಿ ಬಾಯಿ ತೆರೆದ ಬೂಟು, ಗೇಟಿಗೆ ಬೆನ್ನು ಹಾಕಿ ನೆಟ್ಟಗೆ ನಿಂತ ಬೂಟು, ಒಳಗೆ ಮೆಲ್ಲಗೆ ನೀರು ತುಂಬುತ್ತಿರುವ ಬೂಟು —