ಐಸಿನಲ್ಲಿ ಬಂದ ರಕ್ತ

ಭಾವ ಬಹಳ ಜೋಪಾನದ ಮನುಷ್ಯ. ಅಕ್ಕನ ರಕ್ತದ ಟ್ಯೂಬನ್ನು ಥರ್ಮಾಸಿನೊಳಗಿಟ್ಟು, ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ನಮ್ಮ ಲ್ಯಾಬಿಗೆ ತಂದುಕೊಟ್ಟರು. ಅದರಲ್ಲಿನ ರೆನಿನ್ ಅಳೆಯಬೇಕಾದವಳು ನಾನೇ.

ರೆನಿನ್ ಅಂದರೆ ರಕ್ತದೊತ್ತಡವನ್ನು ಏರಿಸುವ ಕಿಣ್ವ. ಅಕ್ಕನಿಗೆ ವಿಪರೀತ ಬಿಪಿ, ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಸಣ್ಣ ಗಂಟಿದೆ. ರೆನಿನ್ ತೀರಾ ಕಡಿಮೆ ಬಂದರೆ ಒತ್ತಡ ಏರಿಸುತ್ತಿರುವ ಕಳ್ಳ ಆ ಗಂಟೇ, ತೆಗೆಸಿದರೆ ಅವಳಿಗೆ ಬಿಡುಗಡೆ. ಹೆಚ್ಚು ಬಂದರೆ ಆಪರೇಷನ್ನೇ ಇಲ್ಲ. ಈ ಪರೀಕ್ಷೆಗಾಗಿ ನಾಲ್ಕು ವಾರದಿಂದ ಬಿಪಿ ಮಾತ್ರೆ ಬಿಟ್ಟು, ತಲೆ ಹಿಡಿದುಕೊಂಡು ಕೂತಿದ್ದಾಳೆ.

ಅಂಕಿ ಹೆಚ್ಚೇ ಬಂತು. ಇನ್ನೊಮ್ಮೆ ಅಳೆದರೂ ಅಷ್ಟೇ. ಹೊರಗೆ ಓಡಿದೆ.

"ಭಾವ, ಇದನ್ನ ಹೇಗೆ ತಂದ್ರಿ?"

"ಐಸಲ್ಲಿ! ನಿನ್ನೆ ಬೆಳಗ್ಗೆಯಿಂದ ಮೂರು ಸಲ ಬದಲಾಯಿಸ್ದೆ. ಯಾಕೆ, ಸಾಲ್ಲಿಲ್ವಾ?"

ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಫೋನಿನಲ್ಲಿ "ಜೋಪಾನ" ಎಂದವಳು ನಾನು. "ಐಸ್ ಬೇಡ" ಎನ್ನಲು ನನಗೇನು ಧಾಡಿಯಾಗಿತ್ತು? ರಕ್ತದಲ್ಲಿ ರೆನಿನ್ನಿನ ನಿದ್ದೆಯ ರೂಪವೂ ಇರುತ್ತದೆ. ತಣ್ಣಗಿಟ್ಟರೆ ಅದು ಎಚ್ಚರವಾಗುತ್ತದೆ, ನಮ್ಮ ಪರೀಕ್ಷಾ ಕಿಟ್ಟಿನ ಪ್ರತಿಕಾಯಗಳು ಅದನ್ನೂ ರೆನಿನ್ ಎಂದೇ ಹಿಡಿದುಬಿಡುತ್ತವೆ, ಅಂಕಿ ಸುಳ್ಳೇ ಏರುತ್ತದೆ.

ಅಕ್ಕನ ಡಾಕ್ಟರಿಗೆ ಫೋನ್ ಮಾಡಿದೆ.

"ಬೆಳಗ್ಗೆನೇ ರಕ್ತ ತೆಗೀಬೇಕು, ನಾಳೆ ಆಗುತ್ತೆ. ಆದ್ರೆ ಬಿಪಿಯ ಮೇಲಿನ ಅಂಕಿ ನೂರ ಎಂಬತ್ತು ದಾಟಿದ್ರೆ ಕಾಯೋದು ಬೇಡ, ಈಗ್ಲೇ ಮಾತ್ರೆ ಶುರು ಮಾಡ್ಲಿ," ಎಂದರು. ಶುರು ಮಾಡಿದರೆ ನಾಲ್ಕು ವಾರ ಮತ್ತೆ ಮೊದಲಿನಿಂದ. ಊರಲ್ಲಿದ್ದ ಅಕ್ಕನಿಗೆ ಫೋನ್ ಹಚ್ಚಿದೆ.

"ಅಕ್ಕಾ, ಬಿಪಿ ನೋಡ್ಕೋ. ನೂರ ಎಂಬತ್ತರ ಒಳಗಿದ್ರೆ ನಾಳೆ ಇನ್ನೊಂದ್ಸಲ ರಕ್ತ ಕೊಡ್ಬಹುದು." ಮಿತಿಯನ್ನು ಮೊದಲೇ ಹೇಳಿದ್ದು ನನ್ನ ಎರಡನೆಯ ದಡ್ಡತನ.

"ನೂರ ಎಪ್ಪತ್ತೆಂಟು," ಎಂದಳು. ಬಿಪಿ ಯಂತ್ರದ ಪಟ್ಟಿಗೆ ಗಾಳಿ ತುಂಬಿದ ಸದ್ದೇ ಕೇಳಲಿಲ್ಲ.

"ಈಗ ಕಟ್ಟಿ ನೋಡು. ನಾನು ಫೋನ್ ಹಿಡ್ಕೊಂಡಿರ್ತೀನಿ."

ಮೋಟಾರು ಗುಂಯ್‌ಗುಟ್ಟಿತು, ನಿಂತಿತು.

"ಅಕ್ಕಾ?"

"ಇನ್ನೂರ ಆರು. ಒಂದೇ ರಾತ್ರಿ ತಾನೇ ಕಣೆ, ತಡ್ಕೋತೀನಿ. ಮತ್ತೊಂದು ತಿಂಗಳು ನನ್ನ ಕೈಲಾಗಲ್ಲ."

ನನಗೂ ಆಸೆಯಿತ್ತು. ಒಂದೇ ರಾತ್ರಿ ಎಂದು ನನ್ನ ಬಾಯಿಗೂ ಬಂದಿತ್ತು.

"ಮಾತ್ರೆ ತಗೋ ಅಕ್ಕಾ."

ಅವಳು ಅತ್ತಳು, ಬೈದಳು. ನೀರು ಗುಟುಕರಿಸಿದ ಸದ್ದು ಕೇಳುವ ತನಕ ನಾನು ಫೋನ್ ಇಡಲಿಲ್ಲ.